ಗೋಬರ್ ಗ್ಯಾಸಿಗೆ ಸ್ನಾನ

ಗೋಬರ್ ಗ್ಯಾಸಿನ ಒಲೆ ನೋಡಿದ್ದೀರಾ? ನೀಲಿ ಉರಿ, ಹೊಗೆಯಿಲ್ಲ, ಅನ್ನ ಸಾರು ಆರಾಮಾಗಿ ಆಗುತ್ತದೆ. ಅದೇ ಗ್ಯಾಸನ್ನು ಹಾಗೇ ಬಸ್ಸಿಗೆ ತುಂಬಿದರೆ? ಒಲೆ ತಾಳಿಕೊಂಡೀತು, ಎಂಜಿನ್ ತಾಳುವುದಿಲ್ಲ.

ಸಗಣಿ, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆತರೆ ಗ್ಯಾಸು ಹುಟ್ಟುತ್ತದೆ. ಅದರಲ್ಲಿ ಚೆನ್ನಾಗಿ ಉರಿಯುವುದು ಮೀಥೇನ್. ನೂರರಲ್ಲಿ 55ರಿಂದ 65 ಪಾಲು. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ತಾನೂ ಉರಿಯದು, ಸಿಲಿಂಡರಿನಲ್ಲಿ ಜಾಗವನ್ನೂ ಬಿಡದು! ಜೊತೆಗೆ ನೀರಾವಿ, ಮತ್ತೆ ಚಿಟಿಕೆಯಷ್ಟು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಇದರದ್ದೇ. ಇರುವುದು ಚೂರು, ಕಿತಾಪತಿ ಜಾಸ್ತಿ: ತೇವ ಸಿಕ್ಕರೆ ಲೋಹವನ್ನೇ ತಿನ್ನುತ್ತದೆ.

ಇದನ್ನು ಹಿಡಿಯಲು ತುಕ್ಕು ಹಿಡಿದ ಕಬ್ಬಿಣದ ಚೂರು ಸಾಕು. ಗ್ಯಾಸು ಅದರ ನಡುವೆ ನುಸುಳುವಾಗ ಹೈಡ್ರೋಜನ್ ಸಲ್ಫೈಡಿನಲ್ಲಿರುವ ಗಂಧಕ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ, ಕೆಂಗಂದು ಚೂರುಗಳು ಕಪ್ಪಗಾಗುತ್ತವೆ. ಗಾಳಿಗೆ ಹರವಿದರೆ ಮತ್ತೆ ಕೆಂಗಂದು! ಆಗ ಬಿಸಿಯೂ ಏರುತ್ತದೆ, ಹಾಗಾಗಿ ಈ ಕೆಲಸ ಬಲ್ಲವರಿಗೇ ಇರಲಿ. ಇಂಥ ಮರುಬಳಕೆ ಕೆಲವು ಸಲ ಮಾತ್ರ; ಗಂಧಕ ಮೆತ್ತಿಕೊಂಡು ಹೋದ ಮೇಲೆ ಹೊಸ ಚೂರೇ ಬೇಕು.

ಇಂಗಾಲದ ಡೈಆಕ್ಸೈಡನ್ನು ಕಳಿಸುವ ಬಗೆ ಹಲವು. ನನಗೆ ಇಷ್ಟವಾದದ್ದು ನೀರಿನದು. ಗೋಲಿ ಸೋಡಾದಲ್ಲಿ ಬುರುಗು ಬರಿಸುವುದು ಇದೇ ಅನಿಲ. ಒತ್ತಿ ತುಂಬಿದರೆ ನೀರಿನಲ್ಲಿ ಕರಗುತ್ತದೆ. ಮೀಥೇನಿಗೆ ನೀರೆಂದರೆ ಅಷ್ಟಕ್ಕಷ್ಟೇ. ಅದಕ್ಕಿಂತ ಇಂಗಾಲದ ಡೈಆಕ್ಸೈಡ್ ಸುಮಾರು 25 ಪಟ್ಟು ಹೆಚ್ಚು ಕರಗುತ್ತದೆ. ಹಾಗಾಗಿ ಎತ್ತರದ ಉಕ್ಕಿನ ಗೋಪುರದಲ್ಲಿ ಮೇಲಿನಿಂದ ನೀರು ಸುರಿಸಿ, ಕೆಳಗಿನಿಂದ ಗ್ಯಾಸು ನುಗ್ಗಿಸುತ್ತಾರೆ. ಒತ್ತಡ ನಮ್ಮ ಸುತ್ತಲಿನ ಗಾಳಿಯದಕ್ಕಿಂತ ಎಂಟು ಹತ್ತು ಪಟ್ಟು. ಒಳಗೆ ತುಂಬಿದ ಸಣ್ಣ ಪ್ಲಾಸ್ಟಿಕ್ ಉಂಗುರಗಳ ಮೇಲೆ ನೀರು ತೆಳ್ಳಗೆ ಹರಡಿ ಇಳಿಯುತ್ತದೆ. ಮೇಲೆ ಮೀಥೇನ್ ಹೊರಬಿತ್ತು, ಕೆಳಗೆ ಸೋಡಾ! (ಕುಡಿಯುವಂಥದ್ದಲ್ಲ.) ಒತ್ತಡ ಇಳಿಸಿ ಗಾಳಿ ಊದಿದರೆ ಆ ನೀರು ಮತ್ತೆ ಕೆಲಸಕ್ಕೆ ತಯಾರು.

ಆಮೇಲೆ ತೇವ ಒಣಗಿಸಿ, ಸುತ್ತಲಿನ ಗಾಳಿಯದಕ್ಕಿಂತ ಸುಮಾರು 200 ಪಟ್ಟು ಒತ್ತಡದಲ್ಲಿ ಸಿಲಿಂಡರಿಗೆ ತುಂಬುತ್ತಾರೆ. ವಾಹನಕ್ಕೆ ಹಾಕಬೇಕಾದರೆ ಮೀಥೇನ್ ನೂರಕ್ಕೆ 90 ಪಾಲಾದರೂ ಇರಬೇಕೆಂಬುದು ನಮ್ಮ ದೇಶದ ನಿಯಮ. ಇಂದೋರಿನಲ್ಲಿ ದಿನಕ್ಕೆ 550 ಟನ್ ಹಸಿಕಸ ಅರಗಿಸಿಕೊಳ್ಳಬಲ್ಲ ಸ್ಥಾವರ 2022ರಲ್ಲಿ ಶುರುವಾಯಿತು. ಅಲ್ಲಿನ ಸಿಟಿ ಬಸ್ಸುಗಳಿಗೂ ಅದರ ಗ್ಯಾಸು ಹೋಗುತ್ತದೆ.

ಇಲ್ಲೊಂದು ತಮಾಷೆಯಿದೆ. ಶುದ್ಧ ಮೀಥೇನಿಗೆ ವಾಸನೆಯೇ ಇಲ್ಲ. ಸೋರಿದರೆ ತಿಳಿಯುವುದು ಹೇಗೆ? ಅದಕ್ಕೇ ಇಷ್ಟೆಲ್ಲ ತೊಳೆದ ಗ್ಯಾಸಿಗೆ ನಾತದ ರಾಸಾಯನಿಕವನ್ನು ಬೇಕೆಂದೇ ಒಂದು ತೊಟ್ಟು ಬೆರೆಸುತ್ತಾರೆ. ಸಾಮಾನ್ಯವಾಗಿ ಅದರಲ್ಲಿರುವುದೂ ಗಂಧಕವೇ!