ಸೊಂಟ ಹಿಡಿದಾಗ

ಸೊಂಟ ಹಿಡಿದುಕೊಂಡರೆ ಮನೆಮಂದಿಯೆಲ್ಲ ಹೇಳುವುದು ಒಂದೇ: "ಅಲ್ಲಾಡಬೇಡ, ಸುಮ್ಮನೆ ಮಲಗು." ಒಂದು ಕಾಲದಲ್ಲಿ ವೈದ್ಯರೂ ಹಾಗೇ ಹೇಳುತ್ತಿದ್ದರು.

1956. ನ್ಯೂಜಿಲೆಂಡಿನ ವೆಲಿಂಗ್ಟನ್. ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ, ಸೊಂಟದಿಂದ ಕಾಲಿಗಿಳಿದ ನೋವಿನಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಒಳಗೆ ಹೋಗಿ ಬೋರಲು ಮಲಗಲು ಹೇಳಿದರು. ಹಿಂದಿನ ರೋಗಿಗೆಂದು ಎತ್ತಿಟ್ಟಿದ್ದ ಮಂಚದ ತುದಿಯನ್ನು ಯಾರೂ ಇಳಿಸಿರಲಿಲ್ಲ. ಈತ ಅದರ ಮೇಲೆಯೇ ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿತ್ತು. ಐದು ನಿಮಿಷ ಬಿಟ್ಟು ಬಂದ ಮೆಕೆಂಜಿಗೆ ಗಾಬರಿ. ಆಗಿನ ತಿಳಿವಳಿಕೆಯಂತೆ ಅದು ಅಪಾಯದ ಭಂಗಿ. ರೋಗಿಯೋ, ವಾರಗಳಿಂದ ಇಷ್ಟು ಹಾಯೆನಿಸಿರಲಿಲ್ಲ ಎಂದ! ಕಾಲಿನ ನೋವು ಮಾಯವಾಗಿತ್ತು, ಉಳಿದದ್ದು ಸೊಂಟದ ನಡುವೆ ಮಾತ್ರ. ನೋವು ಹಾಗೆ ಹಿಂದೆ ಸರಿಯುವುದು ಒಳ್ಳೆಯ ಲಕ್ಷಣವೆಂದು ಮೆಕೆಂಜಿ ಗುರುತಿಸಿದರು. ಅವರ ಹೆಸರಿನ ಚಿಕಿತ್ಸಾ ಪದ್ಧತಿ ಬೆಳೆದದ್ದು ಅಲ್ಲಿಂದ.

ಹಾಗೆಂದು ಎಲ್ಲರ ಬೆನ್ನಿಗೂ ಹಿಂದಕ್ಕೆ ಬಾಗುವುದೇ ಮದ್ದಲ್ಲ. ಕೆಲವರಿಗೆ ಮೊಣಕಾಲನ್ನು ಎದೆಗೆ ಎಳೆದುಕೊಂಡರೆ ಹಿತ. ಯೂಟ್ಯೂಬ್ ನೋಡಿ ಬಗ್ಗುವ ಮೊದಲು ಫಿಸಿಯೋ ಒಮ್ಮೆ ಪರೀಕ್ಷಿಸಲಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ದಿನವೂ ವ್ಯಾಯಾಮಕ್ಕೆ ಚಾಪೆ ಹಾಸಿಕೊಳ್ಳುವ ಕೆಲಸ. ಬೇಸರದ್ದೇ, ಒಪ್ಪೋಣ. ನೋವು ತಗ್ಗಿದ ಮರುವಾರವೇ ನಮ್ಮಲ್ಲಿ ಅನೇಕರು ಚಾಪೆ ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತೇವೆ.