ಸೈನ್ಯದ ಪ್ರವೇಶ ಪರೀಕ್ಷೆಯೂ ಕಾಲದ ಮಿತವ್ಯಯವೂ
(ಗೊರೇಬಾಳದಲ್ಲಿ ಮಾಡಿದ ಭಾಷಣ)



ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆ 2021ರಿಂದ ಹೆಣ್ಣುಮಕ್ಕಳಿಗೂ ತೆರೆದಿದೆ. ಅದರಲ್ಲಿ ಗಣಿತಕ್ಕೆ 120 ಪ್ರಶ್ನೆಗಳು, ಸಾಮಾನ್ಯ ಸಾಮರ್ಥ್ಯಕ್ಕೆ 150. ಒಂದೊಂದು ಪತ್ರಿಕೆಗೂ ಎರಡೂವರೆ ಗಂಟೆ. ಎಂದರೆ ಗಣಿತದ ಪ್ರಶ್ನೆಯೊಂದಕ್ಕೆ 75 ಸೆಕೆಂಡು, ಇನ್ನೊಂದರಲ್ಲಿ 60. ಪ್ರಶ್ನೆಗಳಾದರೋ ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ. ನಮ್ಮ ಮಕ್ಕಳು ಅವನ್ನು ಮನಸ್ಸಿನಲ್ಲಿಯೇ ಕನ್ನಡಿಸಿಕೊಳ್ಳುವಷ್ಟರಲ್ಲಿ ವೇಳೆಯ ಒಂದು ಪಾಲು ಸುಂಕವಾಗಿ ಹೋಗುತ್ತದೆ.

ಕಾಲುವೆಯ ನೀರಿನ ಸರದಿಯನ್ನು ಬಲ್ಲ ತಮಗೆ ಇದು ಹೊಸತಲ್ಲ: ಒಂದೇ ಮಡಿಯಲ್ಲಿ ನಿಂತವನಿಗೆ ಉಳಿದ ಮಡಿಗಳು ಒಣಗುತ್ತವೆ. ಮೊದಲ ಸುತ್ತಿನಲ್ಲಿ ಬಲ್ಲವನ್ನೆಲ್ಲ ಬಿಡಿಸಲಿ. ತಡೆದುದನ್ನು ಗುರುತಿಟ್ಟು ಮುಂದೆ ಸಾಗಲಿ. ಎರಡನೆಯ ಸುತ್ತಿನಲ್ಲಿ ಅದಕ್ಕೆ ಮರಳಲಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರರಲ್ಲೊಂದು ಪಾಲು ಕಡಿತ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ; ಒಂದನ್ನಾದರೂ ಖಂಡಿತವಾಗಿ ತಳ್ಳಿಹಾಕಬಲ್ಲವನಿಗೆ ಮಾತ್ರ ಊಹೆ ಫಲಿಸೀತು.

2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಕನ್ನಡದಲ್ಲಿಯೂ ನಡೆಯುತ್ತಿದೆ. ಪೇದೆಗೆ ಸಲ್ಲುವ ಭಾಷೆ ಅಧಿಕಾರಿಗೆ ಏಕೆ ಸಲ್ಲದು? ಇದನ್ನು ಬಿಡದೆ ಕೇಳೋಣ. ಆ ದಿನ ಬರುವವರೆಗೆ, ವಾರಕ್ಕೊಮ್ಮೆ ಗಡಿಯಾರವನ್ನು ಮೇಜಿನ ಮೇಲಿಟ್ಟು ಮಕ್ಕಳಿಗೆ ಅಭ್ಯಾಸ ಮಾಡಿಸುವ ಹೊಣೆ ತಮ್ಮದು.