ಕ್ಷಯರೋಗವೂ ಅನ್ನಬಲವೂ



ಶ್ವಾಸಕೋಶವನ್ನು ಹಿಡಿದು ಬಹುಕಾಲ ಬಾಧಿಸುವ ವ್ಯಾಧಿಗಳಲ್ಲಿ ಕ್ಷಯವು ಬಡವರ ಮನೆಗಳನ್ನೇ ಹೆಚ್ಚಾಗಿ ಹೊಗುವುದು. ಹಿರಿಯರು ಇದಕ್ಕಿಟ್ಟ ಹೆಸರುಗಳನ್ನೇ ನೋಡಿರಿ: ಕ್ಷಯವೆಂದರೆ ಸವೆಯುವುದು, ಶೋಷವೆಂದರೆ ಒಣಗುವುದು. ಚರಕಸಂಹಿತೆಯು ರಾಜಯಕ್ಷ್ಮಕ್ಕೆ ಹೇಳಿರುವ ನಾಲ್ಕು ಕಾರಣಗಳಲ್ಲಿ ವಿಷಮಾಶನವೂ, ಎಂದರೆ ಕ್ರಮಗೆಟ್ಟ ಊಟವೂ ಒಂದು. ರೋಗಾಣುವನ್ನು ಅವರು ಕಂಡಿರಲಿಲ್ಲ. ೧೮೮೨ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅದನ್ನು ತೋರಿಸಿಕೊಟ್ಟನು. ಆದರೆ ಮೈಯ ಸವೆತವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ಆ ಸವೆತವೇ ರೋಗಿಯ ಅಳಿವು ಉಳಿವುಗಳನ್ನು ಮುಂದಾಗಿ ಸೂಚಿಸುವುದೆಂದು ಈಗ ಲೆಕ್ಕದಿಂದ ತಿಳಿದುಬಂದಿದೆ. ೨೦೧೯ರಿಂದ ೨೦೨೨ರವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ೨,೮೦೦ ರೋಗಿಗಳಿಗೆ ಔಷಧದೊಡನೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳನ್ನು ತಿಂಗಳು ತಿಂಗಳೂ ಒದಗಿಸಿ ಪರೀಕ್ಷೆ ನಡೆಸಲಾಯಿತು. ಇದರ ಮುಂದಾಳುಗಳಾದ ಡಾ|| ಅನುರಾಗ ಭಾರ್ಗವ, ಡಾ|| ಮಾಧವಿ ಭಾರ್ಗವ ಇವರು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನವರೆಂಬುದು ಸಂತೋಷದ ಸಂಗತಿ. ಆ ರೋಗಿಗಳಲ್ಲಿ ನೂರಕ್ಕೆ ೮೦ಕ್ಕೂ ಮಿಕ್ಕು ಜನರು ಅರೆಹೊಟ್ಟೆಯಿಂದ ಬಡಕಲಾದವರು. ಹೆಚ್ಚುಕಡಮೆ ಅರ್ಧದಷ್ಟು ಜನರ ಕೃಶತೆಯು ಅತಿಯಾದುದು, ಎಂದರೆ ೧೬೦ ಸೆಂಟಿಮೀಟರ್ ಎತ್ತರದವನು ೪೧ ಕಿಲೋ ಸಹ ತೂಗದಿರುವಂಥದು. ಮೊದಲ ಎರಡು ತಿಂಗಳಲ್ಲಿ ಯಾರ ತೂಕವು ನೂರಕ್ಕೆ ೫ರಷ್ಟು ಏರಿತೋ ಅವರಿಗೆ ಮೃತ್ಯುವಿನ ಅಪಾಯವು ನೂರಕ್ಕೆ ಸುಮಾರು ೬೦ರಷ್ಟು ಕಡಮೆಯಾಗಿದ್ದಿತು. ನಲವತ್ತು ಕಿಲೋದವನಿಗೆ ಇದು ಕೇವಲ ಎರಡು ಕಿಲೋ! ಮನೆಮಂದಿಗೂ ಆಹಾರ ಕೊಟ್ಟ ಕಡೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ ೩೯ರಷ್ಟು ತಗ್ಗಿತು.

ಇಷ್ಟರಿಂದ ಅನ್ನವೇ ಔಷಧವೆಂದು ಯಾರೂ ಮಾತ್ರೆಗಳನ್ನು ಬಿಡಬಾರದು. ಮನೆಯಲ್ಲಿ ಸಾಧಾರಣ ಊಟವುಂಡು ಔಷಧ ಸೇವಿಸಿದವರೂ ಆರೋಗ್ಯಧಾಮದಲ್ಲಿ ಪುಷ್ಟಿಯಾಗಿ ಉಂಡವರೂ ಹೆಚ್ಚುಕಡಮೆ ಸಮನಾಗಿ ಗುಣ ಹೊಂದಿದರೆಂದು ೧೯೫೯ರಲ್ಲಿ ಪ್ರಕಟವಾದ ಮದರಾಸಿನ ಪರೀಕ್ಷೆಯು ತೋರಿಸಿತ್ತು. ರೋಗಾಣುವನ್ನು ಕೊಲ್ಲುವುದು ಔಷಧವೇ. ಅಷ್ಟರವರೆಗೆ ಜೀವ ಹಿಡಿದಿರಲು ಮೈಯಲ್ಲಿ ಬಲ ಬೇಕಲ್ಲವೆ?

ನಮ್ಮಲ್ಲಿ ಕೆಲವರು ಕಫವಾದೀತೆಂದು ರೋಗಿಗೆ ಹಾಲು ಮೊಸರು ಬಿಡಿಸಿ ಬರಿಯ ಗಂಜಿಯಲ್ಲಿಡುವರು. ಅದಕ್ಕೆ ಪಥ್ಯವೆಂಬ ಹೆಸರು ಬೇರೆ. ಪಥ್ಯವೆಂದರೆ ಹಿತವಾದುದು, ಉಪವಾಸವಲ್ಲ. ಚರಕನಾದರೋ ಈ ರೋಗಕ್ಕೆ ಮಾಂಸರಸಗಳನ್ನೇ ವಿಧಿಸಿರುವನು. ಅದನ್ನು ಒಲ್ಲದ ನಮ್ಮಂಥವರಿಗೆ ಝಾರ್ಖಂಡದ ಬೇಳೆಯೂ ಹಾಲಿನ ಪುಡಿಯೂ ದಾರಿ ತೋರಿಸಿವೆ.

ಆದುದರಿಂದ ಔಷಧ ತರಲು ಹೋದಾಗಲೆಲ್ಲ ರೋಗಿಯನ್ನು ತೂಗಿಸಿ ಬರೆದಿಡಿರಿ. ಎರಡು ತಿಂಗಳಾದರೂ ತೂಕವೇರದಿದ್ದರೆ ವೈದ್ಯರಿಗೆ ತಡಮಾಡದೆ ತಿಳಿಸಿರಿ. ಚಿಕಿತ್ಸಾಕಾಲದ ಆಹಾರಕ್ಕಾಗಿ ಸರಕಾರವು ೨೦೧೮ರಲ್ಲಿ ತಿಂಗಳಿಗೆ ೫೦೦ ರೂಪಾಯಿ ಕೊಡತೊಡಗಿ, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿರುವುದು. ಆ ಹಣವು ರೋಗಿಯ ತಟ್ಟೆಗೇ ಸಲ್ಲುವಂತೆ ಮನೆಯವರು ನೋಡಿಕೊಳ್ಳಬೇಕು.